ಆಲ್ಡೆನ್ ಮೇಷ್ಟ್ರು ಬೇಡವೆಂದ ತಟ್ಟೆ

ಟೋರ್ಡಾಲ್ ಊರಿನ ಶಿಕ್ಷಕರ ಸಂಘದಲ್ಲಿ ಮಾತುಕತೆಯ ಸಮಿತಿಗೆ ಬೇಕೆಂದು ಸೇರಿದವರು ಯಾರೂ ಇಲ್ಲ. ಸಂಬಳ, ವಿಮೆ, ರಜೆ ಇವುಗಳ ಬಗ್ಗೆ ಶಾಲಾ ಮಂಡಳಿಯ ಜೊತೆ ಎರಡು ವರ್ಷಕ್ಕೊಮ್ಮೆ ಹೊಸ ಕರಾರು ಆಗಬೇಕು. ಅದಕ್ಕೆ ಮೊದಲು ಸಂಘದ ಸಭೆ ಸೇರುತ್ತದೆ. ಆ ಸಭೆಗೆ ಯಾರು ಬಂದಿಲ್ಲವೋ ಅವರನ್ನು ಸರ್ವಾನುಮತದಿಂದ ಸಮಿತಿಗೆ ಆರಿಸುತ್ತಾರೆ. ಈ ಸಲ ಬಾರದಿದ್ದವರು ಆಲ್ಡೆನ್ ಬ್ರೆಕ್ಕೆ ಮೇಷ್ಟ್ರು, ಹೈಸ್ಕೂಲಿನ ಹುಡುಗರಿಗೆ ಮರಗೆಲಸ, ಬೆಸುಗೆ ಕಲಿಸುವವರು. ಅವತ್ತು ಅವರು ಡಾಕ್ಟರ ಹತ್ತಿರ ಹೋಗಿದ್ದರು.

ಡಾಕ್ಟರು ಪಿತ್ತಕೋಶದ ಚಿತ್ರ ತೋರಿಸಿ, ಕಲ್ಲು ತುಂಬಿದೆ, ತೆಗೆಯಬೇಕು ಎಂದರು. ಹೊಟ್ಟೆಯ ಆಪರೇಷನ್ ಮಾಡುವವರು ಆ ಕಡೆಗೆ ತಿಂಗಳಿಗೆ ಎರಡೇ ದಿನ ಬರುವುದರಿಂದ ಜನವರಿ ಒಂಬತ್ತಕ್ಕೆ ಮುಂಚೆ ದಿನ ಖಾಲಿ ಇರಲಿಲ್ಲ. ಅಲ್ಲಿಯವರೆಗೆ ಬೆಣ್ಣೆ, ಕೆನೆ, ಚೀಸು, ಕರಿದದ್ದು, ಕೊಬ್ಬಿನ ಮಾಂಸ ಯಾವುದೂ ಕೂಡದು. ಟೋರ್ಡಾಲಿನ ಅಡುಗೆಯಿಂದ ಇಷ್ಟನ್ನು ಕಳೆದರೆ ಉಳಿಯುವುದು ಕಾಫಿ ಮತ್ತು ಉಪ್ಪು.

ಮೇಷ್ಟ್ರು ಈ ಸಂಗತಿಯನ್ನು ಹೆಂಡತಿ ಮಾರ್ಲಿಸ್‌ಗೆ ಬಿಟ್ಟು ಇನ್ಯಾರಿಗೂ ಹೇಳಲಿಲ್ಲ. ಮಿನೆಸೋಟದ ಆ ಬಯಲು ಸೀಮೆಯಲ್ಲಿ ಕಾಯಿಲೆಯನ್ನು ಹೇಳಿಕೊಳ್ಳುವುದು ಒಳ್ಳೆಯ ನಡತೆಯಲ್ಲ. ಟ್ರಾಕ್ಟರಿನ ಕೆಳಗೆ ಕಾಲು ಸಿಕ್ಕಿಸಿಕೊಂಡವನೂ ಹೇಗಿದ್ದೀಯ ಎಂದರೆ ಪರವಾಗಿಲ್ಲ ಎನ್ನುತ್ತಾನೆ.

ಮಾರ್ಲಿಸ್‌ಗೆ ನಲವತ್ತು ಹಸು. ಗಂಡ ಎರಡು ಮೂರು ಸಲ ಮೇಷ್ಟ್ರ ಕೆಲಸ ಬಿಟ್ಟು ಹಟ್ಟಿಯಲ್ಲೇ ಇರುತ್ತೇನೆ ಎಂದದ್ದುಂಟು. ಆಗೆಲ್ಲ ಅವಳದು ಒಂದೇ ಉತ್ತರ: "ಹಸು ಹಾಲು ಕೊಡ್ತವೆ, ವಿಮೆ ಕೊಡಲ್ಲ." ಸುತ್ತಲಿನ ಅರ್ಧ ಹೊಲಮನೆಗಳಲ್ಲಿ ಗಂಡನೋ ಹೆಂಡತಿಯೋ ಒಬ್ಬರು ಶಾಲೆಯ ಕೆಲಸಕ್ಕೆ ಹೋಗುವುದೇ ಈ ವಿಮೆಗಾಗಿ. ಈಗಿರುವ ವಿಮೆಯಲ್ಲಿ ಮೇಷ್ಟ್ರು ತಮ್ಮ ಕೈಯಿಂದ ಒಂದು ಸಾವಿರ ಡಾಲರ್ ಹಾಕಿದರೆ ಪಿತ್ತಕೋಶ ಹೊರಗೆ ಬರುತ್ತದೆ. ಉಳಿದದ್ದು ವಿಮೆಯವರ ತಲೆನೋವು. ಆದ್ದರಿಂದ ಹೊಸ ಕರಾರಿನಲ್ಲಿ ಸಂಬಳ ಏನಾದರೂ ಆಗಲಿ, ವಿಮೆ ಮಾತ್ರ ಇದ್ದ ಹಾಗೆ ಇರಲಿ ಎಂಬುದೊಂದೇ ಮೇಷ್ಟ್ರ ಪ್ರಾರ್ಥನೆ.

ಸಮಿತಿಗೆ ಮುಂದಾಳು ವರ್ನಾ ಸ್ಕೋಗ್ಲಂಡ್ ಮೇಡಂ. ಮೂವತ್ತೆರಡು ವರ್ಷ ಗಣಿತ ಕಲಿಸಿದವರು. ಲೆಕ್ಕದ ಹಂತ ತೋರಿಸದಿದ್ದರೆ ಯಾರ ಮಾತನ್ನೂ ನಂಬುವವರಲ್ಲ. ಮೂರನೆಯವನು ಕೋಲ್ಟನ್ ರೂಡ್, ಇಪ್ಪತ್ತಾರು ವರ್ಷದ ವಿಜ್ಞಾನದ ಮೇಷ್ಟ್ರು. ಅವನಿಗೆ ಕಾಲೇಜಿನ ಸಾಲ ಇದೆ, ಸಂಸಾರ ಇಲ್ಲ, ಜ್ವರ ಬಂದು ಮಲಗಿದ ನೆನಪೂ ಇಲ್ಲ.

"ಒಂದೇ ನಿಯಮ," ಎಂದರು ವರ್ನಾ ಮೇಡಂ. "ಯಾರ ಮನೇಲಿ ಯಾರಿಗೆ ಏನು ಕಾಯಿಲೆ ಅನ್ನೋದು ಬಾಯಿಗೆ ಬರಬಾರದು. ಗೊತ್ತಾದ್ರೆ ಮಂಡಳಿಯವರು ಅಲ್ಲೇ ಹಿಡ್ಕೋತಾರೆ. ನನ್ನ ಹತ್ರಾನೂ ಹೇಳ್ಬೇಡಿ. ನನ್ನ ಮುಖಕ್ಕೆ ಸುಳ್ಳು ಹೇಳೋಕೆ ಬರಲ್ಲ."

ಆಲ್ಡೆನ್ ಮೇಷ್ಟ್ರು ತೆರೆದಿದ್ದ ಬಾಯನ್ನು ಮುಚ್ಚಿಕೊಂಡರು.

"ಅಲ್ಲಿ ಮಾತಾಡೋದು ನಾನೊಬ್ಬಳೇ. ನೀವಿಬ್ರೂ ಸುಮ್ನೆ ಕೂತಿದ್ರೆ ಸಾಕು."

"ಅದು ನನಗೆ ಬರುತ್ತೆ," ಎಂದರು ಮೇಷ್ಟ್ರು.

ಅಕ್ಟೋಬರ್ ಮೊದಲ ವಾರ, ಶಾಲೆ ಬಿಟ್ಟ ಮೇಲೆ, ಪ್ರಾಥಮಿಕ ಶಾಲೆಯ ಗ್ರಂಥಾಲಯದಲ್ಲಿ ಮೊದಲ ಮಾತುಕತೆ. ಅಲ್ಲಿರುವ ಕುರ್ಚಿಗಳು ಏಳು ವರ್ಷದ ಮಕ್ಕಳಿಗಾಗಿ ಮಾಡಿದವು. ಎರಡೂ ಪಕ್ಷದ ದೊಡ್ಡ ಮನುಷ್ಯರು ಮೊಣಕಾಲನ್ನು ಕಿವಿಯ ಹತ್ತಿರ ಇಟ್ಟುಕೊಂಡು ಕೂತರು. ಮಂಡಳಿಯ ಅಧ್ಯಕ್ಷ ಓರ್ವಿನ್ ಹೋಸ್ಕಾಂಪ್ ಮಾತ್ರ ಬಲಗಾಲನ್ನು ಉದ್ದಕ್ಕೆ ಚಾಚಿಕೊಂಡಿದ್ದ. ಮೂರು ವರ್ಷದಿಂದ ಅವನ ಮೊಣಕಾಲು ಮಡಿಸಿದರೆ ಬಾಗಿಲು ಕಿರುಗುಟ್ಟಿದ ಹಾಗೆ ಸದ್ದು ಮಾಡುತ್ತದೆ. ಓರ್ವಿನ್ ಆರುನೂರು ಎಕರೆಯಲ್ಲಿ ಸಕ್ಕರೆ ಗೆಡ್ಡೆ ಬೆಳೆಯುವವನು, ಆಲ್ಡೆನ್ ಮೇಷ್ಟ್ರ ಸಹಪಾಠಿ. ಅವನ ಹೆಂಡತಿ ಲವೋನ್ ಅದೇ ಶಾಲೆಯ ಅಡುಗೆಮನೆಗೆ ಯಜಮಾನಿ.

ಓರ್ವಿನ್ ಒಂದು ಹಾಳೆಯನ್ನು ಮೇಜಿನ ಮೇಲೆ ಸರಿಸಿದ. ಸಂಬಳ ನೂರಕ್ಕೆ ಎರಡೂವರೆ ಏರಿಕೆ. ವಿಮೆ ಇದ್ದ ಹಾಗೆ. ಆಲ್ಡೆನ್ ಮೇಷ್ಟ್ರು ಅದನ್ನು ಮೂರು ಸಲ ಓದಿದರು. ಹಾಳೆಗೆ ಮುತ್ತು ಕೊಡಬೇಕೆನಿಸಿತು. ಆದರೆ ಹಾಳೆ ಕೊಟ್ಟ ದಿನವೇ ಉತ್ತರ ಕೊಡುವ ಪದ್ಧತಿ ಇಲ್ಲ. ಮೊದಲು ಮಂಡಳಿಯವರು ತಂದದ್ದನ್ನು ಎಲ್ಲರೂ ತಿನ್ನಬೇಕು, ಹವೆಯ ಬಗ್ಗೆ ಮಾತಾಡಬೇಕು, ಒಂದು ತಿಂಗಳ ಮೇಲೆ ಮತ್ತೆ ಸೇರಬೇಕು.

ತಂದದ್ದು ಲವೋನ್ ಮಾಡಿದ ಹಾಟ್‌ಡಿಶ್. ದೊಡ್ಡ ಗಾಜಿನ ತಟ್ಟೆಯಲ್ಲಿ ಕೆಳಗೆ ಕೈಮಾ, ನಡುವೆ ಕೆನೆಯ ಸೂಪು, ಮೇಲೆ ಕರಿದ ಆಲೂಗಡ್ಡೆಯ ಉಂಡೆಗಳು, ಅದರ ಮೇಲೆ ಚೀಸು. ಡಾಕ್ಟರು ಕೂಡದೆಂದದ್ದನ್ನೆಲ್ಲ ಯಾರೋ ಪಟ್ಟಿ ಹಿಡಿದುಕೊಂಡು ಪದರ ಪದರವಾಗಿ ಜೋಡಿಸಿದಂತಿತ್ತು.

"ತಗೋ ಆಲ್ಡೆನ್," ಎಂದ ಓರ್ವಿನ್.

"ಬೇಡ ಬಿಡು," ಎಂದರು ಮೇಷ್ಟ್ರು. ಇದು ಸರಿ. ಟೋರ್ಡಾಲಿನಲ್ಲಿ ಮೊದಲ ಸಲಕ್ಕೇ ತಟ್ಟೆಗೆ ಕೈ ಚಾಚುವವನು ಹೊರಗಿನಿಂದ ಬಂದವನು.

"ಒಂಚೂರು ಹಾಕ್ಕೋ."

"ಬೇಡ, ಈಗ್ತಾನೆ ತಿಂದೆ." ಇದೂ ಸರಿ. ಎರಡನೆಯ ಸಲವೂ ಬೇಡವೆನ್ನುವುದು ಮರ್ಯಾದೆ.

"ಸುಮ್ನೆ ದಂಡ ಆಗುತ್ತಲ್ಲ ಮಾರಾಯ."

ಮೂರನೆಯ ಸಲ, ಸರಿ ಹಾಗಾದ್ರೆ, ಒಂದೇ ಒಂಚೂರು ಎನ್ನಬೇಕು. ಅಲ್ಲಿ ಹುಟ್ಟಿದ ಕೂಸಿಗೂ ಇದು ಗೊತ್ತು. ಆಲ್ಡೆನ್ ಮೇಷ್ಟ್ರು ಹೇಳಿದ್ದು, "ಇಲ್ಲ, ಬೇಡ."

ಕೋಣೆಯಲ್ಲಿ ಚಮಚಗಳು ನಿಂತವು. ಓರ್ವಿನ್ ಕಿವಿ ಕೆಂಪಗಾಯಿತು. ಐವತ್ತೆರಡು ವರ್ಷದ ಅವನ ಬಾಳಿನಲ್ಲಿ ನಾಲ್ಕನೆಯ ಸಲ ಕೇಳುವ ಪ್ರಸಂಗ ಬಂದಿರಲಿಲ್ಲ. ಆದರೂ ಕೇಳಿದ. "ಇದು ಲವೋನ್ ಮಾಡಿದ್ದು ಕಣೋ."

"ಗೊತ್ತು. ಬೇಡ."

ಓರ್ವಿನ್ ಮೆಲ್ಲಗೆ ಎದ್ದು, ಮೊಣಕಾಲಿನ ಸದ್ದಿನೊಂದಿಗೆ ತನ್ನವರನ್ನು ಕರೆದುಕೊಂಡು ಹೊರಗಿನ ಓಣಿಗೆ ಹೋದ. ಸಂಘದವರು ಪಕ್ಕದ ಶಿಶುವಿಹಾರದ ಕೋಣೆಗೆ ಸರಿದರು. ಅಲ್ಲಿ ವರ್ನಾ ಮೇಡಂ ಮೇಷ್ಟ್ರ ಎರಡೂ ತೋಳು ಹಿಡಿದುಕೊಂಡರು.

"ಆಲ್ಡೆನ್, ಎಲ್ಲಿ ಕಲಿತೆ ಇದನ್ನ?"

"ಯಾವುದನ್ನ?"

"ಹದಿನಾಲ್ಕು ವರ್ಷದಿಂದ ಆ ಮೇಜಿನ ಮುಂದೆ ಕೂತಿದೀನಿ. ಓರ್ವಿನ್ ಮುಖ ಹೀಗಾಗಿದ್ದು ನೋಡಿಲ್ಲ. ಎರಡೂವರೆಗೆ ಒಪ್ಕೊಳೋಣ ಅಂತಿದ್ದೆ ನಾನು. ಇನ್ನು ಒಪ್ಪಲ್ಲ. ಇನ್ನೂ ದುಡ್ಡಿದೆ ಅವರ ಹತ್ರ."

"ಬ್ರೆಕ್ಕೆ ಮೇಷ್ಟ್ರೇ," ಎಂದ ಕೋಲ್ಟನ್, "ನೀವು ಇಂಥವರು ಅಂತ ನನಗೆ ಗೊತ್ತೇ ಇರಲಿಲ್ಲ."

ಮೇಷ್ಟ್ರು ಆಗ ನಿಜ ಹೇಳಬಹುದಿತ್ತು. ನಿಯಮ ಅಡ್ಡ ಬಂತು. ಅದಕ್ಕಿಂತ ಹೆಚ್ಚಾಗಿ, ಇಪ್ಪತ್ತೇಳು ವರ್ಷದ ನೌಕರಿಯಲ್ಲಿ ಅವರನ್ನು ಯಾರೂ ಯಾವುದಕ್ಕೂ ಮೆಚ್ಚಿರಲಿಲ್ಲ ಎಂಬುದು ಅಡ್ಡ ಬಂತು. ಅವರು ಗಂಭೀರವಾಗಿ ಕೆಮ್ಮಿ, "ನೋಡೋಣ," ಎಂದರು.

ಟೋರ್ಡಾಲಿನಲ್ಲಿ ಸುದ್ದಿ ಹಾಲಿನ ಲಾರಿಯಲ್ಲಿ ಹೋಗುತ್ತದೆ. ಮರುದಿನ ಬೆಳಿಗ್ಗೆ ಅದು ಮೊದಲ ಹಟ್ಟಿಯಲ್ಲಿ, ಆಲ್ಡೆನ್ ನಾಲ್ಕು ಸಲ ಬೇಡವೆಂದ, ಎಂದಿತ್ತು. ಅಂಚೆ ಕಚೇರಿಗೆ ಬರುವಾಗ ತಟ್ಟೆಯನ್ನು ತಳ್ಳಿದ ಎಂದಾಗಿತ್ತು. ಪಶು ಆಹಾರದ ಅಂಗಡಿ ತಲುಪುವಾಗ ಓರ್ವಿನ್‌ನ ಅಂಗಿಗೆ ಚೀಸು ಮೆತ್ತಿಕೊಂಡಿತ್ತು. ಆ ದಾರಿಯಲ್ಲಿ ಎದುರು ಬರುವ ಪಿಕಪ್ಪಿನವನು ಸ್ಟಿಯರಿಂಗಿನ ಮೇಲಿಂದ ಒಂದು ಬೆರಳು ಎತ್ತಬೇಕು. ಅಲ್ಲಿ ಅದೇ ನಮಸ್ಕಾರ. ಆ ವಾರ ಮೇಷ್ಟ್ರು ಶಾಲೆಯಿಂದ ಮನೆಗೆ ಏಳು ಮೈಲಿ ಬರುವಾಗ ಒಂದು ಬೆರಳೂ ಏಳಲಿಲ್ಲ. ಇವರ ಸಂಬಳ ಏರಿದರೆ ತಮ್ಮ ಜಮೀನಿನ ತೆರಿಗೆ ಏರುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು.

"ಏನು ಮಾಡಿ ಬಂದಿದೀಯ ನೀನು?" ಎಂದಳು ಮಾರ್ಲಿಸ್, ಗಂಜಿಯ ಬೋಗುಣಿಯನ್ನು ಮುಂದಿಡುತ್ತಾ. "ಅಂಚೆ ಕಚೇರಿಯವಳು ನನ್ನ ಮುಖ ನೋಡದೇ ಸ್ಟಾಂಪು ಕೊಟ್ಟಳು. ಮುಷ್ಕರ ಯಾವತ್ತಿಂದ ಅಂತ ಲಾರಿಯವನು ಕೇಳಿದ."

"ನಾನು ಏನೂ ಮಾಡಿಲ್ಲ. ಊಟ ಬೇಡ ಅಂದೆ."

"ಯಾಕೆ ಬೇಡ ಅಂತ ಹೇಳ್ಬೇಕಾಗಿತ್ತು."

"ಹೇಳೋ ಹಾಗಿಲ್ಲ. ವರ್ನಾ ನಿಯಮ."

"ಲವೋನ್ ನನ್ನ ದೊಡ್ಡಪ್ಪನ ಮೊಮ್ಮಗಳು. ಭಾನುವಾರ ಚರ್ಚಿನಲ್ಲಿ ಅವಳ ಪಕ್ಕ ಕೂರೋಳು ನಾನು, ವರ್ನಾ ಅಲ್ಲ."

ಶಾಲೆಯಲ್ಲಿ ಇದು ಇನ್ನೂ ಬೆಳೆಯಿತು. ಆಲ್ಡೆನ್ ಮೇಷ್ಟ್ರು ಮಂಡಳಿಯ ಅನ್ನ ಮುಟ್ಟದಿದ್ದರೆ ನಾವೂ ಮುಟ್ಟಬಾರದು ಎಂದು ಕೋಲ್ಟನ್ ಎಬ್ಬಿಸಿದ್ದರಿಂದ ಮೂವತ್ತೊಂದು ಮಂದಿ ಶಿಕ್ಷಕರೂ ಶಾಲೆಯ ಮಧ್ಯಾಹ್ನದ ಊಟ ಬಿಟ್ಟರು. ಮನೆಯಿಂದ ತಂದ ರೊಟ್ಟಿಯನ್ನು ನಿಂತುಕೊಂಡು, ಸೈನಿಕರ ಮುಖ ಮಾಡಿಕೊಂಡು ತಿಂದರು. ಆ ಅಡುಗೆ ಮಾಡುವವಳೂ ಲವೋನೇ. ಮೂರು ದಿನ ಉಳಿದ ಊಟ ನೋಡಿ ನಾಲ್ಕನೆಯ ದಿನ ಅವಳು ಮರಗೆಲಸದ ಕೊಠಡಿಯ ಬಾಗಿಲಿಗೆ ಬಂದು ನಿಂತಳು. ಒಳಗೆ ಹದಿನೆಂಟು ಹುಡುಗರು ಪಕ್ಷಿಗೂಡು ಮಾಡುತ್ತಿದ್ದರು.

"ಇಪ್ಪತ್ತೇಳು ವರ್ಷ ನನ್ನ ಕೈಯೂಟ ತಿಂದಿದೀಯ, ಆಲ್ಡೆನ್. ಒಂದು ದಿನ ಉಪ್ಪು ಕಮ್ಮಿ ಅಂದಿದ್ಯಾ? ಈಗೇನು ಬಂತು ರೋಗ?"

ರೋಗ ಏನೆಂದು ಹೇಳುವಂತಿಲ್ಲವಲ್ಲ. ಮೇಷ್ಟ್ರು ಗರಗಸ ಚಾಲೂ ಮಾಡಿದರು.

ನವೆಂಬರ್ ಮೊದಲಲ್ಲಿ ಎರಡನೆಯ ಮಾತುಕತೆ. ಓರ್ವಿನ್ ಸೋತ ಮುಖದಲ್ಲಿ ಹೊಸ ಹಾಳೆ ಸರಿಸಿದ. "ಇದಕ್ಕಿಂತ ಮುಂದೆ ನಮ್ಮ ಕೈಲಾಗಲ್ಲ. ಸಂಬಳ ನೂರಕ್ಕೆ ಐದು. ಆ ದುಡ್ಡು ಎಲ್ಲಿಂದಾದರೂ ಬರಬೇಕಲ್ಲ. ಅದಕ್ಕೆ ಜನವರಿ ಒಂದರಿಂದ ವಿಮೆ ಬದಲು. ಆಪರೇಷನ್ನು ಗೀಪರೇಷನ್ನು ಆದರೆ ಮೊದಲ ಏಳು ಸಾವಿರ ಅವರವರದೇ. ಅದರ ಮೇಲೆ ವಿಮೆ."

ಕೋಲ್ಟನ್ ಮೇಜಿನ ಕೆಳಗೆ ಮುಷ್ಟಿ ಬಿಗಿದು ಸಂತೋಷಪಟ್ಟ. ವರ್ನಾ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು; ಅವರಿಗೆ ಗಂಡನ ಪಿಂಚಣಿಯ ವಿಮೆಯಿತ್ತು. ಆಲ್ಡೆನ್ ಮೇಷ್ಟ್ರು ಬೆರಳು ಮಡಿಸಿ ಎಣಿಸಿದರು. ಜನವರಿ ಒಂದು. ಜನವರಿ ಒಂಬತ್ತು. ನಡುವೆ ಎಂಟು ದಿನ, ಆರು ಸಾವಿರ ಡಾಲರ್. ತಾವು ಮಾತಾಡುವ ಹಾಗಿಲ್ಲ. ಮೊದಲಿನ ಹಾಳೆಯೇ ಚೆನ್ನಾಗಿತ್ತು ಎಂದು ಈ ಜನಕ್ಕೆ ತಿಳಿಸುವುದು ಹೇಗೆ?

ಅಷ್ಟರಲ್ಲಿ ಲವೋನ್ ತಾನೇ ಹಾಟ್‌ಡಿಶ್ ಹೊತ್ತುಕೊಂಡು ಒಳಗೆ ಬಂದಳು. ಮೇಷ್ಟ್ರ ಮುಂದೆ ಅದನ್ನು ಇಟ್ಟು, ಕೈಕಟ್ಟಿ ನಿಂತಳು. ಏನನ್ನೂ ಕೇಳಲಿಲ್ಲ.

ಆಲ್ಡೆನ್ ಮೇಷ್ಟ್ರಿಗೆ ದಾರಿ ಹೊಳೆಯಿತು. ಬೇಡವೆಂದದ್ದರಿಂದ ಸಂಬಳ ಏರಿ ವಿಮೆ ಹೋಯಿತು. ಹಾಗಾದರೆ ತಿಂದರೆ ಸಂಬಳ ಇಳಿದು ವಿಮೆ ವಾಪಸು ಬರಬೇಕು. ಆಲ್ಡೆನ್‌ಗೆ ಜಗಳವಿಲ್ಲ, ಮೊದಲಿನ ಹಾಳೆ ತನ್ನಿ ಎಂದು ತಟ್ಟೆಯೇ ಹೇಳುತ್ತದೆ. ಇದು ಅವರ ತರ್ಕ. ಹುಡುಗರಿಗೆ ಅಳತೆ ನೋಡಿ ಕೊಯ್ಯುವುದನ್ನು ಕಲಿಸುವ ಮನುಷ್ಯ ಹೀಗೆ ಯೋಚಿಸಿದರು ಎಂಬುದನ್ನು ಬೇಸರದಿಂದಲೇ ಇಲ್ಲಿ ಬರೆಯಬೇಕಾಗಿದೆ.

ಅವರು ತಟ್ಟೆ ತುಂಬ ಹಾಕಿಕೊಂಡು ತಿಂದರು. ಎಲ್ಲರೂ ನೋಡುತ್ತಿದ್ದರು. ಖಾಲಿ ಮಾಡಿ ಮತ್ತೆ ಹಾಕಿಕೊಂಡರು. ಲವೋನ್ ಕಣ್ಣಲ್ಲಿ ನೀರು ಬಂತು.

"ಅಂದ್ರೆ ಆಲ್ಡೆನ್‌ಗೆ ಒಪ್ಪಿಗೆ," ಎಂದ ಓರ್ವಿನ್, ಎದ್ದು ನಿಂತು ಕೈ ಚಾಚಿ. "ಮುಗೀತಪ್ಪ. ಐದು, ಹೊಸ ವಿಮೆ."

"ಆಯ್ತು," ಎಂದು ವರ್ನಾ ಮೇಡಂ ಕೈ ಕುಲುಕಿದರು. "ಸಂಘದವರ ಮತ ಆಗೋದೊಂದು ಬಾಕಿ."

ಮೇಷ್ಟ್ರು ಇಲ್ಲ ಇಲ್ಲ ಎಂದು ಕೈಯಾಡಿಸಿದರು. ಬಾಯಿ ತುಂಬ ಆಲೂಗಡ್ಡೆ. ಸಾಕು ಎನ್ನುತ್ತಿದ್ದಾರೆ ಎಂದುಕೊಂಡು ಲವೋನ್ ಪ್ರೀತಿಯಿಂದ ಇನ್ನೊಂದು ಚಮಚ ಬಡಿಸಿದಳು. ಓರ್ವಿನ್, ವರ್ನಾ ಮೇಡಂ ಇಬ್ಬರೂ ಹಾಳೆಗೆ ಸಹಿ ಹಾಕಿದರು. ಇಪ್ಪತ್ತು ನಿಮಿಷದ ಮೇಲೆ, ಈ ವರ್ಷದ ಹಿಮ ಯಾವಾಗ ಬೀಳಬಹುದೆಂಬ ಮಾತಿನ ನಡುವೆ, ಆಲ್ಡೆನ್ ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ಆ ಪುಟ್ಟ ಕುರ್ಚಿಯ ಸಮೇತ ಪಕ್ಕಕ್ಕೆ ಉರುಳಿದರು. ಕುರ್ಚಿ ಅವರನ್ನು ಬಿಡಲಿಲ್ಲ.

ಟೋರ್ಡಾಲಿನ ಆಂಬುಲೆನ್ಸ್ ಊರವರೇ ಸರದಿಯ ಮೇಲೆ ಓಡಿಸುವಂಥದು. ಆ ವಾರದ ಸರದಿ ಓರ್ವಿನ್‌ನದು. ಆಂಬುಲೆನ್ಸ್ ಮುಂದೆ ಅವನು, ಹಿಂದೆ ಮೇಷ್ಟ್ರು, ಮೇಷ್ಟ್ರ ಕೈ ಹಿಡಿದುಕೊಂಡು ಲವೋನ್.

"ಮೊದಲಿನ ಹಾಳೆ," ಎಂದು ನರಳಿದರು ಮೇಷ್ಟ್ರು. "ಓರ್ವಿನ್, ಮೊದಲಿನ ಹಾಳೆ."

"ಬಡಬಡಿಸ್ತಿದಾನೆ," ಎಂದ ಓರ್ವಿನ್, ವೇಗ ಹೆಚ್ಚಿಸುತ್ತಾ.

"ಸಾಸಿವೆ ಬಣ್ಣಕ್ಕೆ ತಿರುಗಿದಾನಲ್ಲ," ಎಂದಳು ಲವೋನ್. "ಯಾವಾಗಿಂದ ಕಣೋ ಇದು?"

"ಆಗಸ್ಟಿನಿಂದ. ಪಿತ್ತಕೋಶ. ಕೊಬ್ಬು ಮುಟ್ಟಬೇಡ ಅಂದಿದ್ರು."

ಲವೋನ್ ಅವರ ಮುಖದ ಹತ್ತಿರಕ್ಕೆ ಬಗ್ಗಿದಳು. "ಅದಕ್ಕಾ ನೀನು ಅವತ್ತು ನಂದು ತಿನ್ನದೇ ಇದ್ದಿದ್ದು?"

"ಹೂಂ."

"ಹಾಗಾದ್ರೆ ನನ್ನ ಅಡುಗೆ ಸರಿ ಇಲ್ಲ ಅಂತಲ್ಲ."

"ಅಲ್ಲ."

ಅವಳು ನಿಟ್ಟುಸಿರು ಬಿಟ್ಟಳು. ಆಮೇಲೆ ಅವರ ಕೈಯನ್ನು ಕೆಳಗೆ ಬಿಟ್ಟಳು. "ಬಾಯಿ ಇರಲಿಲ್ವಾ ನಿನಗೆ? ಒಂದು ತಿಂಗಳು ನಿದ್ದೆ ಕೆಡಿಸಿದೆಯಲ್ಲೋ."

ಗಂಟೆ ದೂರದ ದೊಡ್ಡ ಆಸ್ಪತ್ರೆಯಲ್ಲಿ ಮರುದಿನ ಬೆಳಿಗ್ಗೆಯೇ ಪಿತ್ತಕೋಶ ಹೊರಗೆ ಬಂತು. ನವೆಂಬರ್ ಆದ್ದರಿಂದ ಹಳೆಯ ವಿಮೆ, ಒಂದೇ ಸಾವಿರ. ಮೇಷ್ಟ್ರು ಬೇಡಿದ್ದು ಸಿಕ್ಕಿತ್ತು. ಇಲ್ಲಿಗೆ ಮುಗಿಯಬಹುದಿತ್ತು, ಆದರೆ ಲವೋನ್ ಊರಿಗೆ ನಿಜ ಹೇಳಿದ್ದಳು, ಊರು ಅದನ್ನು ತನ್ನದೇ ರೀತಿಯಲ್ಲಿ ಅರ್ಥ ಮಾಡಿಕೊಂಡಿತ್ತು.

ಮೊದಲು ನೋಡಲು ಬಂದವರು ವರ್ನಾ ಮೇಡಂ. ಹೂವಿನ ಕುಂಡ ಇಟ್ಟು, ಬಾಗಿಲು ಹಾಕಿ ಬಂದರು.

"ನನಗೆ ಲೆಕ್ಕ ಬರುತ್ತೆ, ಆಲ್ಡೆನ್. ಐದು ಪರ್ಸೆಂಟು ಬರಿಸಿದೆ. ಸಹಿ ಆಗೋ ತನಕ ಕಾದೆ. ಹೊಸ ವಿಮೆ ಬರೋಕೆ ಮುಂಚೆ, ಗೊತ್ತಿದ್ದೂ ಗೊತ್ತಿದ್ದೂ ಎರಡು ತಟ್ಟೆ ತಿಂದು ನಿನ್ನ ಕೆಲಸ ಮುಗಿಸ್ಕೊಂಡೆ. ಹಳೇ ವಿಮೆ ನಿನಗೆ, ಹೊಸದು ನಮಗೆ."

"ಇಲ್ಲ ವರ್ನಾ, ನಾನು ಉಲ್ಟಾ ಹೇಳೋಕೆ ಹೋಗಿದ್ದೆ—"

"ಮೆಚ್ಚಬೇಕು ಮಾರಾಯ. ಆದ್ರೆ ಅಸಹ್ಯಾನೂ ಆಗುತ್ತೆ."

ಮೆಚ್ಚಿದವರು ಬಹಳ ಜನ. ಜಾಣನಾದ ಆಲ್ಡೆನ್ ಹೊಸ ವರ್ಷಕ್ಕೆ ಮುಂಚೆ ರಿಪೇರಿ ಮಾಡಿಸಿಕೊಂಡ, ನಾವೇನು ದಡ್ಡರೇ ಎಂದು ಶಿಕ್ಷಕರು, ಬಸ್ ಚಾಲಕರು, ಅಡುಗೆಯವರು, ಅವರ ಗಂಡ ಹೆಂಡಿರು ಎಲ್ಲರೂ ಆಸ್ಪತ್ರೆಗೆ ಫೋನು ಹಚ್ಚಿದರು. ಕಣ್ಣಿನ ಪೊರೆ, ಕಾಲಿನ ಗಂಟು, ಸೊಂಟ, ಹರ್ನಿಯಾ, ಹತ್ತು ವರ್ಷದಿಂದ ಪರವಾಗಿಲ್ಲ ಎಂದು ಸುಮ್ಮನಿದ್ದ ಎಲ್ಲ ಅಂಗಗಳೂ ಒಂದೇ ವಾರದಲ್ಲಿ ಮಾತಾಡತೊಡಗಿದವು. ಮೂಳೆ ಡಾಕ್ಟರ ಡಿಸೆಂಬರು ಮೂರು ದಿನದಲ್ಲಿ ಭರ್ತಿಯಾಯಿತು.

ಗೆಡ್ಡೆಯ ಕೊಯ್ಲು ಮುಗಿಸಿ, ಯಂತ್ರಗಳನ್ನು ತೊಳೆದು ಕೊಟ್ಟಿಗೆಗೆ ಸೇರಿಸಿ, ನೆಮ್ಮದಿಯಾಗಿ ಕೊನೆಯಲ್ಲಿ ಮೊಣಕಾಲಿಗಾಗಿ ಫೋನು ಮಾಡಿದವನು ಓರ್ವಿನ್ ಹೋಸ್ಕಾಂಪ್. ಆರುನೂರು ಎಕರೆಯಿದ್ದರೂ ಅವನಿಗಿರುವ ವಿಮೆ ಹೆಂಡತಿಯ ಕಡೆಯಿಂದ ಬಂದದ್ದು. ಶಿಕ್ಷಕರ ವಿಮೆ ಹೇಗೋ ಅಡುಗೆಮನೆಯ ವಿಮೆಯೂ ಹಾಗೇ.

"ಜನವರಿ ಇಪ್ಪತ್ತೊಂಬತ್ತು," ಎಂದಳು ಆಸ್ಪತ್ರೆಯ ಹುಡುಗಿ.

"ಡಿಸೆಂಬರಿನಲ್ಲಿ ನೋಡಮ್ಮ."

"ಡಿಸೆಂಬರೆಲ್ಲ ನಿಮ್ಮ ಶಾಲೆಯವರೇ ಇದಾರೆ ಸಾರ್."

ಆ ಫೋನಿನ ಪಕ್ಕದಲ್ಲೇ ಲವೋನ್ ತರಕಾರಿ ಹೆಚ್ಚುತ್ತಿದ್ದಳು. "ಏಳು ಸಾವಿರದ ಮಂಡಿ," ಎಂದಳು. "ಸಹಿ ಹಾಕಿದ ಕೈ ಯಾವುದು, ತೋರ್ಸು."

ಡಿಸೆಂಬರ್ ಮೊದಲ ವಾರ, ಸಂಘದ ಮತಕ್ಕೆ ಎರಡು ದಿನ ಮುಂಚೆ, ಮಂಡಳಿ ತುರ್ತು ಮಾತುಕತೆ ಕರೆಯಿತು. ಹೊಟ್ಟೆಗೆ ದಿಂಬು ಒತ್ತಿಕೊಂಡು ಆಲ್ಡೆನ್ ಮೇಷ್ಟ್ರೂ ಬಂದರು. ಓರ್ವಿನ್ ಗಂಟಲು ಸರಿಮಾಡಿಕೊಂಡ. "ಶಿಕ್ಷಕರ ಆರೋಗ್ಯದ ಬಗ್ಗೆ ಮಂಡಳಿ ಆಳವಾಗಿ ಯೋಚನೆ ಮಾಡಿದೆ," ಎಂದು ಹಾಳೆ ಸರಿಸಿದ. ಅಕ್ಟೋಬರಿನ ಹಾಳೆಯೇ. ತಾರೀಖನ್ನು ಮಾತ್ರ ಪೆನ್ನಿನಿಂದ ತಿದ್ದಿದ್ದರು. ಎರಡೂವರೆ, ವಿಮೆ ಇದ್ದ ಹಾಗೆ. ವರ್ನಾ ಮೇಡಂ ಅದನ್ನು ನೋಡಿದರು, ಓರ್ವಿನ್‌ನ ಚಾಚಿದ ಕಾಲನ್ನು ನೋಡಿದರು, ಲೆಕ್ಕದ ಹಂತ ಅವರಿಗೆ ತಾನಾಗಿ ಕಂಡಿತು.

"ಮೂರಕ್ಕೆ ಆಗುತ್ತಾ?" ಎಂದರು.

"ಆಗುತ್ತೆ," ಎಂದಳು ಲವೋನ್ ಬಾಗಿಲಿನಿಂದ.

ಮತದಲ್ಲಿ ಹದಿನೆಂಟಕ್ಕೆ ಹದಿಮೂರು, ಪಾಸಾಯಿತು. ಕೋಲ್ಟನ್ ಹದಿಮೂರರಲ್ಲಿ ಒಬ್ಬ. ಓಣಿಯಲ್ಲಿ ಮೇಷ್ಟ್ರನ್ನು ತಡೆದು ನಿಲ್ಲಿಸಿದ. "ನನ್ನ ಎರಡು ಪರ್ಸೆಂಟು ಈಗ ಓರ್ವಿನ್ ಮಂಡಿ ಒಳಗಿದೆ, ಬ್ರೆಕ್ಕೆ ಮೇಷ್ಟ್ರೇ. ಅವರು ನಡೆದಾಗಲೆಲ್ಲ ನೋಡಿ ಖುಷಿ ಪಡಿ." ಅದಾದ ಮೇಲೆ ಅವನು ಮೇಷ್ಟ್ರ ಜೊತೆ ಮಾತು ಬಿಟ್ಟ. ಬಯಸಿದ್ದು ಪೂರ್ತಿ ಕೈಗೂಡಿದ ಆ ಚಳಿಗಾಲದಲ್ಲಿ ಆಲ್ಡೆನ್ ಮೇಷ್ಟ್ರಷ್ಟು ಬೈಸಿಕೊಂಡವರು ಆ ತಾಲ್ಲೂಕಿನಲ್ಲಿ ಇರಲಿಲ್ಲ.

ಕ್ರಿಸ್‌ಮಸ್ ರಜೆಯ ಮೊದಲ ಶನಿವಾರ ಮಧ್ಯಾಹ್ನ ಮಾರ್ಲಿಸ್ ಹಟ್ಟಿಯಿಂದ ಬಂದು ಬೂಟು ಬಿಚ್ಚದೆ ಮೇಜಿನ ಮುಂದೆ ಕೂತಳು.

"ವಿಮೆ ಗಟ್ಟಿಯಾಯ್ತು ತಾನೆ? ಇನ್ನು ಎರಡು ವರ್ಷ ಯಾರೂ ಮುಟ್ಟಲ್ವಲ್ಲ?"

"ಯಾರೂ ಮುಟ್ಟಲ್ಲ."

"ಹಾಗಾದ್ರೆ ಮಾರ್ಚ್ ಹನ್ನೊಂದಕ್ಕೆ ನನ್ನ ಭುಜ. ಮೂಳೆ ಡಾಕ್ಟರ ಹತ್ರ ದಿನ ತಗೊಂಡಿದೀನಿ."

"ಭುಜಕ್ಕೇನು?"

"ಒಳಗೆ ಹರಿದಿದೆಯಂತೆ. ಹೋದ ವರ್ಷ ಹುಲ್ಲು ಕೊಯ್ಯುವಾಗಿಂದ."

"ಒಂದೂವರೆ ವರ್ಷ? ಹೇಳೋದಲ್ವಾ ಮಾರಾಯ್ತಿ?"

"ಪರವಾಗಿರಲಿಲ್ಲ," ಎಂದಳು ಮಾರ್ಲಿಸ್. "ಆಮೇಲೆ ಮೂರು ತಿಂಗಳು ಕೈಗೆ ಭಾರ ಕೊಡಬಾರದಂತೆ. ಹಾಲು ಕರೆಯೋದು ಬೆಳಿಗ್ಗೆ ನಾಲ್ಕೂವರೆಗೆ ಒಂದು ಸಲ, ಸಾಯಂಕಾಲ ನಾಲ್ಕೂವರೆಗೆ ಒಂದು ಸಲ. ನಲವತ್ತು ಹಸು. ಅಭ್ಯಾಸ ಇವತ್ತಿನಿಂದ್ಲೇ ಆಗ್ಲಿ."

ಆಲ್ಡೆನ್ ಮೇಷ್ಟ್ರು ಬಾಯಿ ತೆರೆದರು. ಅವರಿಗೂ ಭಾರ ಎತ್ತಬೇಡಿ ಎಂದು ಡಾಕ್ಟರು ಹೇಳಿದ್ದ ಆರು ವಾರ ಹಿಂದಿನ ದಿನವೇ ಮುಗಿದಿತ್ತು. ಮಾರ್ಲಿಸ್‌ಗೆ ಅದು ಗೊತ್ತಿತ್ತು. ಅವಳಿಗೆ ಅದು ಗೊತ್ತಿದೆ ಎಂದು ಅವರಿಗೂ ಗೊತ್ತಿತ್ತು. ಅವರು ಎದ್ದು ಹಟ್ಟಿಯ ಬೂಟು ಹುಡುಕಿದರು. ಹಾಕದೇ ಬಿಟ್ಟ ಇಪ್ಪತ್ತೇಳು ವರ್ಷದಲ್ಲಿ ಅವು ಸ್ವಲ್ಪ ಬಿಗಿಯಾಗಿದ್ದವು.